ನಿಮ್ಮ ಪ್ರಶ್ನೆ: ಒಂದ ಬೋಟಿಗೆ ಇಷ್ಟೆಲ್ಲಾ ರಿಪೋರ್ಟ್ ಯಾಕ್ರೀ?

ಪ್ರಶ್ನೆ: ನಮಸ್ಕಾರ್ರೀ ಸರ್. ನಾವು ಮೂಲ ಬಾಗಲಕೋಟಿ ಕಡೀಯವ್ರು, ವಾಸ್ಕೋದಾಗ ಇದ್ದು 20 ವರ್ಷಾತು. ನನ್ನ ತಮ್ಮ ಮಹಾರಾಷ್ಟ್ರದ ಮಾಲ್ವಣದಾಗ ಸ್ನಾರ್ಕೆಲಿಂಗ್ (ಉಸಿರಿನ ಕೊಳವಿ ಹಾಕ್ಕೊಂಡು ತೇಲ್ಕೋಂತ ಸಮುದ್ರದ ತಳ ನೋಡೋದು) ಬೋಟ್ ಚಾಲೂ ಮಾಡ್ತೀನಿ ಅಂತಾನ, ಪರ್ಮಿಷನ್ ಕೇಳಾಕ ಹೋದ್ರ ಪರಿಸರಕ್ಕ ಏನೇನ್ ಅಪಾಯ ಐತಿ ಬರಕೊಂಡ್ ಬಾ ಅಂದ್ರಂತ. 12 ಮಂದಿ ಕೂಡೋ ಒಂದ ಬೋಟ್, ದಿನಕ್ಕ 4 ಟ್ರಿಪ್, ಅಷ್ಟಕ್ಕ ಸಮುದ್ರಕ್ಕೇನ್ ಆಗ್ತೈತ್ರೀ? ಸುಮ್ನ ಸತಾಯಿಸ್ತಾರೇನ?
– ಓದುಗ, ವಾಸ್ಕೋ

ಉತ್ತರ: ಸತಾಯಿಸೋರು ಇಲ್ಲವೇ ಇಲ್ಲ ಅಂತ ನಾನೇನೂ ಸರ್ಟಿಫಿಕೇಟ್ ಕೊಡಲ್ಲ, ಆದ್ರೆ ಈ ಪ್ರಶ್ನೆ ಮಾತ್ರ ಕೇಳಬೇಕಾದ್ದೇ. ಕೆಲವು ವರ್ಷದ ಹಿಂದೆ ಅದೇ ಮಾಲ್ವಣದಲ್ಲಿ ನಾನೂ ಒಂದು ಬೋಟ್ ಹತ್ತಿದ್ದೆ. ಸಿಂಧುದುರ್ಗ ಕೋಟೆ ಪಕ್ಕ ಹುಡುಗ ಲಂಗರು ಬಿಟ್ಟ, ವಾಪಸ್ ಹೊರಡುವಾಗ ಎಳೆದ್ರೆ ಎಲ್ಲೋ ಸಿಕ್ಕಾಕೊಂಡಿದೆ, ಇಬ್ರು ಸೇರಿ ಜಗ್ಗಿದ್ರು, ಮೇಲೆ ಬಂದಾಗ ಕೊಕ್ಕೇಲಿ ಮುಷ್ಟಿಗಾತ್ರದ ಹವಳ, ಮುರಿದ ಕಡೆ ಆಗಷ್ಟೇ ಒಡೆದ ತೆಂಗಿನಕಾಯಿ ಥರ ಬೆಳ್ಳಗೆ. ಕಲ್ಲು ಅಂದ್ಕೊಂಡು ನೀರಿಗೆ ಎಸೆದ. ಹವಳ ಬರೀ ಕಲ್ಲಲ್ಲ, ಪುಟ್ಟ ಜೀವಿಗಳು ಕಟ್ಟೋ ಗೂಡು. ಗುಂಡಗೆ ಬೆಳೆಯೋ ಹವಳ ವರ್ಷಕ್ಕೆ ಸುಮಾರು 1 ಸೆಂಟಿಮೀಟರ್ ಏರುತ್ತೆ ಅಷ್ಟೇ, ಆ ಮುಷ್ಟಿಗೆ ಎಷ್ಟು ವರ್ಷ ಹಿಡಿದಿತ್ತು ನೀವೇ ಎಣಿಸಿ. ವನ್ಯಜೀವಿ ಕಾಯ್ದೇಲಿ ಹುಲಿ ಇರೋ ಶೆಡ್ಯೂಲಲ್ಲೇ, ಅಂದ್ರೆ ರಕ್ಷಣೆಯ ಪಟ್ಟೀಲೇ ಹವಳಾನೂ ಇದೆ.

ಈಗ ತಮ್ಮನ ಲೆಕ್ಕ ಹಾಕೋಣ. ಸೀಸನ್ನಿಗೆ 200 ದಿನ ಹಿಡಿದ್ರೆ 800 ಸಲ ಲಂಗರು, ಸಾವಿರಾರು ಜನ ಫಿನ್ಸ್ (ಈಜೋಕೆ ಕಾಲಿಗೆ ಹಾಕೋ ರೆಕ್ಕೆ) ಕಟ್ಕೊಂಡು ಒದೆಯೋದು, ಅದರಲ್ಲಿ ಅರ್ಧ ಜನಕ್ಕೆ ಈಜೇ ಬರಲ್ಲ, ಗಾಬರಿ ಆದ್ರೆ ಹವಳದ ಮೇಲೇ ಕಾಲೂರಿ ನಿಲ್ತಾರೆ. 1987ರಲ್ಲಿ ಘೋಷಣೆ ಆದ ಮಾಲ್ವಣದ ಸಮುದ್ರ ಅಭಯಾರಣ್ಯ ಇಡೀ 29.12 ಚದರ ಕಿಲೋಮೀಟರ್, ಅದರ ಒಳಭಾಗ ಕೋರ್ ಅಂತೂ 3 ಚದರ ಕಿಲೋಮೀಟರ್ ಚಿಲ್ಲರೆ. ಅಲ್ಲಿ ಈಗಾಗ್ಲೇ ಓಡ್ತಿರೋ ಬೋಟ್‌ಗಳ ಮೇಲೆ ನಿಮ್ಮದನ್ನ ಕೂಡಿಸಿ ನೋಡ್ಬೇಕಾಗುತ್ತೆ, ಯಾಕಂದ್ರೆ ಅರ್ಜಿ ಹಾಕೋ ಪ್ರತಿಯೊಬ್ಬನೂ ನಂದು ಒಂದೇ ಬೋಟ್ ಅಂತಾನೇ ಹೇಳೋದು.

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಮರೀನ್ ಪಾರ್ಕ್ 3 ಲಕ್ಷ 44 ಸಾವಿರ ಚದರ ಕಿಲೋಮೀಟರ್, ಅಷ್ಟು ದೊಡ್ಡ ಜಾಗದಲ್ಲೂ ಪರ್ಮಿಟ್ ಕೇಳಿದ್ರೆ ನೋಡೋದು ಎರಡು ವಿಷ್ಯ, ಹಾನಿ ಆಗೋ ಸಂಭವ ಎಷ್ಟು, ಆದಾಗ ಎಷ್ಟು ಹಾಳಾಗುತ್ತೆ. ಎರಡನ್ನೂ ಸೇರಿಸಿ ಅಪಾಯ ಸಣ್ಣದೋ ದೊಡ್ಡದೋ ಅಂತ ಅಳೀತಾರೆ. ನಿಮ್ಮ ವಾಸ್ಕೋ ಬಂದರಿಗೆ ಕಲ್ಲಿದ್ದಲು ಹಡಗು ಬರ್ತಾವಲ್ಲ, ಅಂಥದ್ದೇ ಒಂದು, ಶೆನ್ ನೆಂಗ್ 1, 2010ರ ಏಪ್ರಿಲಲ್ಲಿ ಆ ಗ್ರೇಟ್ ಬ್ಯಾರಿಯರ್ ರೀಫಲ್ಲೇ ಹವಳದ ದಿಬ್ಬಕ್ಕೆ ಗುದ್ದಿ ಕೂತು ದಿನಗಟ್ಟಲೆ ಉಜ್ಜಿತು, ಹಡಗಿನ ತಳದ ವಿಷದ ಪೇಂಟೂ ಅಲ್ಲೇ ಉಳೀತು, 2016ರಲ್ಲಿ ಮಾಲೀಕರ ಕಡೆಯಿಂದ 3.93 ಕೋಟಿ ಆಸ್ಟ್ರೇಲಿಯನ್ ಡಾಲರ್ ಪರಿಹಾರಕ್ಕೆ ಒಪ್ಪಂದ ಆಯ್ತು. ಅದು ಅಪರೂಪಕ್ಕೆ ಆಗೋದು, ಆದ್ರೆ ಒಮ್ಮೆ ಆಯ್ತೋ ಮುಗೀತು. ತಮ್ಮನದ್ದು ಉಲ್ಟಾ, ಒಂದು ಸಲಕ್ಕೆ ಚೂರೇ, ಆದ್ರೆ ದಿನಾ.

ಅದಕ್ಕೇ ರಿಪೋರ್ಟಲ್ಲಿ 'ಯಾವ ಅಪಾಯಾನೂ ಇಲ್ಲ' ಅಂತ ಬರೀಬೇಡಿ, ಓದೋರು ಅಲ್ಲೇ ನಗ್ತಾರೆ. ಎಲ್ಲಿ ಮರಳಿದೆ ಎಲ್ಲಿ ಹವಳ ಇದೆ ನಕ್ಷೆ ಹಾಕಿ, ಮರಳಿರೋ ಕಡೆ ತಳಕ್ಕೆ ಒಂದು ಕಾಯಂ ತೇಲುಬುರುಡೆ (ಮೂರಿಂಗ್) ಕಟ್ಟಿ ಬೋಟ್ ಅದಕ್ಕೇ ಬಿಗೀತೀವಿ, ಲಂಗರು ಬಿಡಲ್ಲ ಅಂತ ಬರೀರಿ. ಒಂದು ಸಲಕ್ಕೆ ನೀರಿಗಿಳಿಯೋರು 6 ಜನ, ಎಲ್ರಿಗೂ ಲೈಫ್ ಜಾಕೆಟ್, ಡೀಸೆಲ್ ದಡದಲ್ಲೇ ತುಂಬಿಸೋದು. ದುಡ್ಡು ಕೊಟ್ಟು ಕಾಪಿ ರಿಪೋರ್ಟ್ ಮಾತ್ರ ಮಾಡಿಸ್ಬೇಡಿ, ಸಮುದ್ರದ ಅರ್ಜಿ ಒಂದರಲ್ಲಿ ಸಾಗುವಾನಿ ಮರದ ವರ್ಣನೆ ಓದಿದ ಪುಣ್ಯಾತ್ಮ ನಾನು.

ಪ್ರಶ್ನೆ: ಮೋರ್ಜಿಮ್ ಬೀಚಲ್ಲಿ ಊಟದ ಗುಡಿಸಲು, ಅಂದ್ರೆ ಶ್ಯಾಕ್‌ಗೆ ಜೋರು ಲೈಟ್ ಬೇಡ ಅಂತಾರೆ, ಆಮೆಗೂ ಲೈಟಿಗೂ ಏನು ಸಂಬಂಧ? – ಓದುಗಿ, ಮಾಪುಸಾ

ಉತ್ತರ: ಮರಳಲ್ಲಿಟ್ಟ ಮೊಟ್ಟೆಯಿಂದ ಹೊರಬಂದ ಆಮೆ ಮರಿ ಬೆಳಕು ಜಾಸ್ತಿ ಇರೋ ಕಡೆ ಓಡುತ್ತೆ, ರಾತ್ರಿ ಆ ಬೆಳಕು ಸಮುದ್ರದ ಕಡೆ ಇರ್ಬೇಕು. ನಿಮ್ಮ ಟ್ಯೂಬ್‌ಲೈಟ್ ಉರೀತಿದ್ರೆ ಮರಿ ಸೀದಾ ನಿಮ್ಮ ಕಿಚನ್ನಿಗೇ ಬರುತ್ತೆ, ಹಿಂದೆ ನಾಯಿ. ಬೀಚ್ ಕಡೆ ಮುಖ ಮಾಡಿರೋ ಲೈಟ್ ಆರಿಸಿ, ಬೇಕೇ ಬೇಕು ಅಂದ್ರೆ ಕೆಂಪು ಬಲ್ಬು, ಮಂದ, ನೆಲಕ್ಕೆ ತಿರುಗಿಸಿ.