ಇಸ್ಲಾಮಿಕ್ ಕಾನೂನು ಪಂಡಿತ ಎ.ಎ.ಎ. ಫೈಜಿ ಮಂತ್ರಿಯೂ ಆಗಿದ್ದರಾ?

ಇಲ್ಲ, ಮಂತ್ರಿ ಆಗಿರಲಿಲ್ಲ, ರಾಯಭಾರಿ ಆಗಿದ್ದರು. ಮಂತ್ರಿಯಾಗಿದ್ದು ಎಂ.ಸಿ. ಛಾಗ್ಲಾ. ಇಬ್ಬರೂ ಮುಂಬೈನ ಕಾನೂನು ಲೋಕದವರು, ಅದಕ್ಕೇ ಗೊಂದಲ ಆಗಿರಬಹುದು.

ಆಸಫ್ ಅಲಿ ಅಸ್ಗರ್ ಫೈಜಿ ಹುಟ್ಟಿದ್ದು 1899ರಲ್ಲಿ. ಕೇಂಬ್ರಿಡ್ಜ್‌ನಲ್ಲಿ ಓದಿ ಬಂದು ವಕೀಲರಾದರು. ಆಮೇಲೆ ಮುಂಬೈನ ಸರ್ಕಾರಿ ಲಾ ಕಾಲೇಜಿಗೆ ಪ್ರಿನ್ಸಿಪಾಲರಾದರು. ಮುಸ್ಲಿಂ ಕಾನೂನಿನ ಬಗ್ಗೆ ಅವರು ಬರೆದ ಪುಸ್ತಕ 1949ರಲ್ಲಿ ಬಂತು. ಅದನ್ನು ವಕೀಲರು, ನ್ಯಾಯಾಧೀಶರು ಇವತ್ತಿಗೂ ತೆಗೆದು ನೋಡುತ್ತಾರೆ.

ಅದೇ ವರ್ಷ ನೆಹರೂ ಸರ್ಕಾರ ಅವರನ್ನು ಈಜಿಪ್ಟಿಗೆ ರಾಯಭಾರಿಯಾಗಿ ಕಳಿಸಿತು. ನನಗೆ ತುಂಬಾ ಇಷ್ಟವಾಗುವುದು ಈ ಭಾಗವೇ. ಫೈಜಿ ಸುಲೈಮಾನಿ ಬೋಹ್ರಾ ಮನೆತನದವರು, ಅಂದರೆ ಶಿಯಾ ಮುಸ್ಲಿಮರ ಇಸ್ಮಾಯಿಲಿ ಪಂಥದ ಒಂದು ಶಾಖೆಯವರು. ಆ ಪಂಥದ ಮೂಲ ಕಾನೂನು ಗ್ರಂಥ 'ದಆಇಮ್ ಅಲ್-ಇಸ್ಲಾಂ'. ಬರೆದವರು 10ನೇ ಶತಮಾನದ ಖಾಜಿ ನುಅಮಾನ್, ಕೈರೋ ನಗರ ಕಟ್ಟಿದ ಫಾತಿಮಿ ದೊರೆಗಳ ನ್ಯಾಯಾಧೀಶರು. ಫೈಜಿ ಅದರ ಹಸ್ತಪ್ರತಿಗಳನ್ನು ಹೋಲಿಸಿ ಸಂಪಾದಿಸಿದರು. ಮೊದಲ ಸಂಪುಟ 1951ರಲ್ಲಿ ಅದೇ ಕೈರೋದಲ್ಲಿ ಅಚ್ಚಾಯಿತು. ಎಷ್ಟು ಚೆಂದ ಅಲ್ವಾ!

ಮುಂದೆ ಯುಪಿಎಸ್‌ಸಿ ಸದಸ್ಯರಾದರು, ಜಮ್ಮು-ಕಾಶ್ಮೀರ ವಿಶ್ವವಿದ್ಯಾಲಯದ ಕುಲಪತಿಯಾದರು. 1962ರಲ್ಲಿ ಪದ್ಮಭೂಷಣ ಬಂತು. 1981ರಲ್ಲಿ ತೀರಿಕೊಂಡರು.