ಮೌನವನ್ನು ಒಪ್ಪಿಗೆ ಎಂದು ಬರೆದುಬಿಟ್ಟೆ, ಈಗ ಸಭೆ ಕರೆಯಲೇ ಭಯ

ಪ್ರಶ್ನೆ: ಖಾಸಗಿ ಸಂಸ್ಥೆಯೊಂದರಲ್ಲಿ ಯೋಜನಾ ಸಂಯೋಜಕಿಯಾಗಿದ್ದೇನೆ. ಬರ್ಲಿನ್, ಟೋಕಿಯೋ ಮತ್ತು ಸಾವೊ ಪೌಲೊ ಕಚೇರಿಗಳ ಆನ್‌ಲೈನ್ ಸಭೆ ಏರ್ಪಡಿಸುವುದು ನನ್ನ ಹೊಣೆ. ಫೆಬ್ರುವರಿಯ ಸಭೆಯಲ್ಲಿ ಹೊಸ ಉತ್ಪನ್ನದ ಬಿಡುಗಡೆ ದಿನಾಂಕ ನಿರ್ಧಾರವಾಗಬೇಕಿತ್ತು. ಎಂದಿನಂತೆ ಬರ್ಲಿನ್‌ನ ಮಧ್ಯಾಹ್ನ 1 ಗಂಟೆಗೆ ಕರೆದೆ. ಚರ್ಚೆ ಮುಕ್ತವಾಗಿರಲಿ ಎಂದು ಕಾರ್ಯಸೂಚಿ ಕಳುಹಿಸಲಿಲ್ಲ. ಕಾರ್ಯಸೂಚಿಯೇ ಇಲ್ಲದ ಸಭೆಗೆ ಏಕೆ ಬರಬೇಕು ಎಂದು ಜರ್ಮನಿಯ ಸಹೋದ್ಯೋಗಿ ಎಲ್ಲರಿಗೂ ಕಾಣುವಂತೆ ಮೇಲ್ ಬರೆದರು. ಬ್ರೆಜಿಲ್‌ನವರು ತಡವಾಗಿ ಬಂದು ಎಲ್ಲರ ಕ್ಷೇಮಸಮಾಚಾರ ವಿಚಾರಿಸುತ್ತ ಕುಳಿತರು. ಜಪಾನಿನವರು ಮಾತೇ ಆಡಲಿಲ್ಲ. ದಿನಾಂಕ ಹೇಳಿದಾಗ ತಲೆಯಾಡಿಸಿ ‘ಪರಿಶೀಲಿಸುತ್ತೇವೆ’ ಎಂದರು. ಅದನ್ನು ಒಪ್ಪಿಗೆ ಎಂದು ನಡಾವಳಿಯಲ್ಲಿ ಬರೆದೆ. ವಾರಗಳ ನಂತರ ನೋಡಿದರೆ ಅಲ್ಲಿ ಕೆಲಸವೇ ಶುರುವಾಗಿರಲಿಲ್ಲ. ‘ನಿನಗೆ ಜನ ಅರ್ಥವಾಗುವುದಿಲ್ಲ’ ಎಂದು ಮ್ಯಾನೇಜರ್ ಎಲ್ಲರೆದುರು ಹೇಳಿದರು. ಮುಂದಿನ ಸಭೆ ಮೇ ಮೊದಲ ವಾರ. ಆಹ್ವಾನ ಕಳುಹಿಸಲು ಕುಳಿತರೆ ಕೈ ನಡುಗುತ್ತದೆ. ಈ ಜವಾಬ್ದಾರಿ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಮುಂದೆಂದಾದರೂ ಈ ಕೆಲಸ ಬೇಸರವಾದರೆ ಬಿಡಬಹುದು. ಆದರೆ ಎಲ್ಲರೆದುರು ಆದ ಅವಮಾನದ ಬಿಸಿಯಲ್ಲಿ ಬಿಟ್ಟರೆ ‘ನನಗೆ ಜನ ಅರ್ಥವಾಗುವುದಿಲ್ಲ’ ಎಂಬ ಮಾತನ್ನು ನೀವೇ ನಿಜವೆಂದು ಒಪ್ಪಿಕೊಂಡಂತಾಗುತ್ತದೆ. ಅದು ನಿಜವಲ್ಲ. ಯಾರು ಏನು ಹೇಳಿದರು, ಯಾರು ಸುಮ್ಮನಿದ್ದರು, ಯಾರು ತಲೆಯಾಡಿಸಿದರು ಎಂಬುದನ್ನೆಲ್ಲ ನಿಮ್ಮ ಪತ್ರ ಎಷ್ಟು ಸೂಕ್ಷ್ಮವಾಗಿ ದಾಖಲಿಸಿದೆ ಎಂದು ಮತ್ತೊಮ್ಮೆ ಓದಿ ನೋಡಿ. ನಿಮ್ಮ ಗಮನಿಸುವಿಕೆಯಲ್ಲಿ ಕೊರತೆಯಿಲ್ಲ. ಸಭೆ ಎಂದರೆ ಮೂವರಿಗೂ ಒಂದೇ ಎಂದು ಭಾವಿಸಿದಿರಿ, ಎಡವಿದ್ದು ಅಲ್ಲಿ.

ಜರ್ಮನಿಯ ಕಚೇರಿಗಳಲ್ಲಿ ಸಾಮಾನ್ಯವಾಗಿ ಸಭೆಗೆ ಸಿದ್ಧತೆ ಮಾಡಿಕೊಂಡು ಬರುತ್ತಾರೆ. ವಿಷಯ ಮೊದಲೇ ತಿಳಿದಿರಬೇಕು, ಅಂಕಿ ಅಂಶ ಕೈಯಲ್ಲಿರಬೇಕು. ಆ ಮೇಲ್ ಒರಟಾಗಿತ್ತು ನಿಜ, ಆದರೆ ಅದು ನಿಮ್ಮ ಮೇಲಿನ ಸಿಟ್ಟಲ್ಲ ಎಂದೇ ನನಗನ್ನಿಸುತ್ತದೆ. ಸಿದ್ಧತೆಯಿಲ್ಲದೆ ಮಾತನಾಡಬೇಕಾದ ಇರುಸುಮುರುಸು ಅದರಲ್ಲಿದೆ. ಬ್ರೆಜಿಲ್‌ನವರ ಕ್ಷೇಮಸಮಾಚಾರ ಕಾಲಹರಣವಲ್ಲ. ಪರಸ್ಪರ ವಿಶ್ವಾಸವಿದ್ದರೆ ಮಾತ್ರ ವ್ಯವಹಾರ ಎನ್ನುವವರಿಗೆ ಆ ಹತ್ತು ನಿಮಿಷವೂ ಕೆಲಸದ ಭಾಗವೇ. ಅದನ್ನು ಕಾರ್ಯಸೂಚಿಯಲ್ಲೇ ಮೊದಲ ಅಂಶವಾಗಿ ಬರೆದುಬಿಡಿ. ಜರ್ಮನಿಯವರಿಗೂ ಅದು ಮೊದಲೇ ತಿಳಿದಿರುತ್ತದೆ.

ಜಪಾನಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ನಿಮ್ಮ ಗಾಯವಿರುವುದು ಅಲ್ಲೇ. ಅಲ್ಲಿನ ಅನೇಕ ಸಂಸ್ಥೆಗಳಲ್ಲಿ ‘ನೆಮವಾಶಿ’ ಎಂಬ ರೂಢಿಯಿದೆ. ಸಭೆಗೆ ಮುನ್ನವೇ ಸಂಬಂಧಪಟ್ಟ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕಂಡು, ಅಳುಕುಗಳನ್ನು ಕೇಳಿ, ಪ್ರಸ್ತಾವವನ್ನು ತಿದ್ದಿ ಒಪ್ಪಿಗೆ ಪಡೆದಿರುತ್ತಾರೆ. ಆಮೇಲಿನ ಸಭೆ ಆಗಲೇ ಮೂಡಿರುವ ಒಮ್ಮತಕ್ಕೆ ಹಾಕುವ ಮುದ್ರೆ. ಆ ಸಿದ್ಧತೆಯಿಲ್ಲದೆ ಎಲ್ಲರ ಮುಂದೆ ‘ಈ ದಿನಾಂಕ ಆಗುತ್ತದೆಯೇ’ ಎಂದು ಕೇಳಿದರೆ, ‘ಆಗುವುದಿಲ್ಲ’ ಎಂದು ನೇರವಾಗಿ ಹೇಳಿ ನಿಮ್ಮನ್ನಾಗಲಿ ತಮ್ಮ ಹಿರಿಯರನ್ನಾಗಲಿ ಮುಜುಗರಕ್ಕೆ ಸಿಲುಕಿಸಲು ಅವರು ಹಿಂಜರಿಯುತ್ತಾರೆ. ತಲೆಯಾಡಿಸಿದ್ದು ಬಹುಶಃ ‘ಕೇಳಿಸಿಕೊಂಡೆವು’ ಎಂದು ತಿಳಿಸಲು. ಅವರು ಮೋಸ ಮಾಡಲಿಲ್ಲ, ನೀವು ಮೂರ್ಖರೂ ಅಲ್ಲ. ಹೇಳದೆ ಉಳಿದ ಮಾತಿಗೆ ಎಷ್ಟು ತೂಕವಿರುತ್ತದೆ ಎಂಬುದರಲ್ಲಿ ಸಮಾಜ ಸಮಾಜಗಳ ನಡುವೆ ವ್ಯತ್ಯಾಸವಿದೆ ಎಂದು ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ದಶಕಗಳ ಹಿಂದೆಯೇ ಬರೆದಿದ್ದಾರೆ.

ಇನ್ನೊಂದು ಸಂಗತಿಯನ್ನು ನಿಮ್ಮ ಮ್ಯಾನೇಜರ್ ಕೂಡ ಗಮನಿಸಿದಂತಿಲ್ಲ. ಚಳಿಗಾಲದಲ್ಲಿ ಬರ್ಲಿನ್‌ನ ಮಧ್ಯಾಹ್ನ 1 ಗಂಟೆ ಎಂದರೆ ಸಾವೊ ಪೌಲೊದಲ್ಲಿ ಬೆಳಿಗ್ಗೆ 9, ಟೋಕಿಯೋದಲ್ಲಿ ರಾತ್ರಿ 9. ದಿನವಿಡೀ ದುಡಿದವರನ್ನು ಪ್ರತಿ ಬಾರಿಯೂ ರಾತ್ರಿ ಕೂರಿಸಿ, ಮೌನವಾಗಿದ್ದಾರೆ ಎಂದರೆ ಹೇಗೆ? ಆ ಮೌನದಲ್ಲಿ ಸಂಸ್ಕೃತಿ ಎಷ್ಟು, ಆಯಾಸ ಎಷ್ಟು ಎಂದು ಬೇರ್ಪಡಿಸಲು ಸಾಧ್ಯವೇ ಇಲ್ಲ. ಟೋಕಿಯೋ ಮತ್ತು ಸಾವೊ ಪೌಲೊ ನಡುವೆ ಸರಿಯಾಗಿ 12 ಗಂಟೆಗಳ ಅಂತರವಿದೆ, ಎಲ್ಲರಿಗೂ ಅನುಕೂಲವಾದ ಹೊತ್ತು ಸಿಗುವುದಿಲ್ಲ. ಕಷ್ಟವನ್ನು ಹಂಚಬಹುದು ಅಷ್ಟೇ: ಟೋಕಿಯೋದಲ್ಲಿ ಸಂಜೆ 7, ಸಾವೊ ಪೌಲೊದಲ್ಲಿ ಬೆಳಿಗ್ಗೆ 7. ಬರ್ಲಿನ್‌ನಲ್ಲಿ ಆಗ ಚಳಿಗಾಲದಲ್ಲಿ 11, ಬೇಸಿಗೆಯಲ್ಲಿ 12. ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ, ಚಳಿಗಾಲಕ್ಕೆ ಮತ್ತೆ ಹಿಂದೆ ಮಾಡುವವರು ಈ ಮೂವರಲ್ಲಿ ಜರ್ಮನಿಯವರು ಮಾತ್ರ. ಜಪಾನಿನಲ್ಲಿ ಆ ಪದ್ಧತಿಯಿಲ್ಲ, ಬ್ರೆಜಿಲ್ 2019ರಲ್ಲಿ ಅದನ್ನು ಕೈಬಿಟ್ಟಿತು. ಆದ್ದರಿಂದ ಸಭೆಯನ್ನು ಟೋಕಿಯೋ ಸಮಯಕ್ಕೆ ಕಟ್ಟಿಹಾಕಿ.

ಹಾಗೆಯೇ ಮೇ ಮೊದಲ ವಾರವನ್ನು ದಯವಿಟ್ಟು ಬದಲಾಯಿಸಿ. ಮೇ 1 ಜರ್ಮನಿ ಮತ್ತು ಬ್ರೆಜಿಲ್ ಎರಡರಲ್ಲೂ ರಜೆ. ಮೇ 3ರಿಂದ 5ರವರೆಗೆ ಜಪಾನಿನಲ್ಲಿ ಸಾಲು ರಜೆ, ಅದು ಅವರಿಗೆ ವರ್ಷದ ದೊಡ್ಡ ಬಿಡುವುಗಳಲ್ಲೊಂದು. ಆ ವಾರ ಕರೆದರೆ ಯಾರೂ ಬೇಡ ಎನ್ನದಿರಬಹುದು, ಆದರೆ ಅಸಮಾಧಾನ ಉಳಿಯುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇದನ್ನೆಲ್ಲ ಓದಿ ‘ಜಪಾನಿನವರು ಹೀಗೆ, ಜರ್ಮನಿಯವರು ಹಾಗೆ’ ಎಂದು ಪಟ್ಟಿ ಮಾಡಿಕೊಳ್ಳಬೇಡಿ. ಐಬಿಎಂ ಉದ್ಯೋಗಿಗಳ ಸಮೀಕ್ಷೆಗಳ ಆಧಾರದಲ್ಲಿ ದೇಶಗಳನ್ನು ಹೋಲಿಸಿದ ಗೀರ್ಟ್ ಹಾಫ್‌ಸ್ಟೆಡೆ ಅವರ ಅಂಕಗಳೂ ದೇಶದ ಸರಾಸರಿಯನ್ನು ಹೇಳುತ್ತವೆ, ನಿಮ್ಮೆದುರಿನ ವ್ಯಕ್ತಿಯನ್ನಲ್ಲ. ಟೋಕಿಯೋದಲ್ಲೂ ಮುಖಕ್ಕೆ ಮುಖ ಕೊಟ್ಟು ಮಾತನಾಡುವವರಿದ್ದಾರೆ, ಬರ್ಲಿನ್‌ನಲ್ಲೂ ತಡವಾಗಿ ಬರುವವರಿದ್ದಾರೆ. ನಾನು ಮೇಲೆ ಹೇಳಿದ್ದು ಊಹೆಗೆ ಸಾಕು, ತೀರ್ಪಿಗೆ ಸಾಲದು. ‘ನಿಮ್ಮ ತಂಡ ಯಾವ ರೀತಿಯಲ್ಲಿ ನಿರ್ಧಾರ ತೆಗೆದುಕೊಳ್ಳುತ್ತದೆ? ನನಗೆ ಎಷ್ಟು ಮುಂಚೆ ತಿಳಿಸಲು ಹೇಳುತ್ತೀರಿ?’ ಎಂದು ಅವರನ್ನೇ ಕೇಳಿ. ಇದನ್ನು ಕೇಳುವುದು ಅಜ್ಞಾನವಲ್ಲ, ಗೌರವ.

ನಿಮ್ಮ ಮ್ಯಾನೇಜರ್ ಮಾಡಿದ್ದು ತಪ್ಪು, ಇದನ್ನು ನಾನು ಮೆದುಮಾಡಿ ಹೇಳಲಾರೆ. ಅವರೂ ಆ ಸಭೆಯಲ್ಲಿದ್ದಿದ್ದರೆ ಆ ಮೌನವನ್ನು ಅವರೂ ಕೇಳಿದ್ದಾರೆ. ಇಲ್ಲದಿದ್ದರೆ ಸಭೆಯ ಹೊಣೆಯನ್ನಷ್ಟೇ ಕೊಟ್ಟು ತರಬೇತಿ ಕೊಡಲಿಲ್ಲ. ಒಬ್ಬರೇ ಇರುವಾಗ ಭೇಟಿಯಾಗಿ, ಆ ಮಾತಿನಿಂದ ನೋವಾಗಿದೆ ಎಂದು ಹೇಳಿ. ಕ್ಷಮೆ ಕೇಳಿಸಬೇಕೆಂಬ ಹಟ ಬೇಡ. ಬದಲಿಗೆ ಎರಡು ಬೇಡಿಕೆ ಇಡಿ: ದೊಡ್ಡ ನಿರ್ಧಾರದ ಸಭೆಗೆ ಮುಂಚೆ ಪ್ರತಿ ಕಚೇರಿಯೊಂದಿಗೆ ಪ್ರತ್ಯೇಕವಾಗಿ ಮಾತನಾಡಲು ಸಮಯ ಬೇಕು, ನಡಾವಳಿ ಅಂತಿಮವಾಗುವ ಮೊದಲು ಮೂರೂ ಕಚೇರಿಗಳು ಬರವಣಿಗೆಯಲ್ಲಿ ಖಚಿತಪಡಿಸಬೇಕು. ಎರಡನೆಯದು ಇದ್ದಿದ್ದರೆ ಫೆಬ್ರುವರಿಯ ಗೊಂದಲ ಎರಡೇ ದಿನದಲ್ಲಿ ಗೊತ್ತಾಗುತ್ತಿತ್ತು.

ಸದ್ಯಕ್ಕೆ ಯಾರಿಗೂ ಆಹ್ವಾನ ಕಳುಹಿಸಬೇಡಿ. ಟೋಕಿಯೋ ತಂಡದ ಹಿರಿಯರಿಗೆ ಮಾತ್ರ, ಬೇರೆ ಯಾರನ್ನೂ ಪ್ರತಿಯಲ್ಲಿ ಸೇರಿಸದೆ ಬರೆಯಿರಿ: ‘ಕಳೆದ ಬಾರಿ ನಿಮ್ಮ ಅಭಿಪ್ರಾಯವನ್ನು ಪೂರ್ತಿ ಕೇಳದೆ ನಡಾವಳಿ ಬರೆದೆ. ದಿನಾಂಕದ ಬಗ್ಗೆ ನಿಮ್ಮ ತಂಡದ ಕಷ್ಟಗಳೇನು ಎಂದು ಸಭೆಗೆ ಮೊದಲೇ ತಿಳಿದುಕೊಳ್ಳಲು ಬಯಸುತ್ತೇನೆ. ನಿಮಗೆ ಅನುಕೂಲವಾದ ಸಮಯ ತಿಳಿಸಿ.’ ಉತ್ತರ ಬರಲು ಕೆಲವು ದಿನ ಹಿಡಿದರೆ ಗಾಬರಿಯಾಗಬೇಡಿ, ಅವರು ತಮ್ಮವರನ್ನು ಕೇಳುತ್ತಿರಬಹುದು. ದಿನಾಂಕ ಗೊತ್ತುಮಾಡುವುದು ಆಮೇಲೆ.