ಸ್ಲೈಡುಗಳ ಮರೆಯಲ್ಲಿ ನಿಂತವರು

ವೇದಿಕೆ ಭಯ ಎಂದು ನನ್ನ ಬಳಿ ಸಲಹೆಗೆ ಬರುವವರಲ್ಲಿ ಒಂದು ಬಗೆಯವರು ನನಗೆ ಪದೇ ಪದೇ ಸಿಗುತ್ತಾರೆ. ಕೂತ ತಕ್ಷಣ ಲ್ಯಾಪ್‌ಟಾಪ್ ತೆರೆದು, "ಇಷ್ಟು ಕಷ್ಟಪಟ್ಟು ಸ್ಲೈಡ್ ಮಾಡ್ತೀನಿ, ಆದರೂ ಯಾರೂ ಕೇಳೋದೇ ಇಲ್ಲ" ಅನ್ನುತ್ತಾರೆ. ಅಂಥವರೊಬ್ಬರ ಪ್ರಕರಣ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಇವರು ಯಂತ್ರಗಳ ದುರಸ್ತಿ ವಿಭಾಗದ ಎಂಜಿನಿಯರ್. ಮೂರು ತಿಂಗಳಿಗೊಮ್ಮೆ ಮೇಲಧಿಕಾರಿಗಳ ಮುಂದೆ ವರದಿ ಒಪ್ಪಿಸಬೇಕು. ಹಿಂದಿನ ರಾತ್ರಿ ನಿದ್ದೆಯಿಲ್ಲ, ಮಾತಿಗೆ ನಿಂತರೆ ದನಿ ನಡುಗುತ್ತದೆ. ಇಪ್ಪತ್ತು ನಿಮಿಷದ ಮಾತಿಗೆ ನಲವತ್ತಕ್ಕೂ ಹೆಚ್ಚು ಸ್ಲೈಡು, ಒಂದೊಂದರಲ್ಲೂ ಹತ್ತು ಹನ್ನೆರಡು ಸಾಲು.

ಒಂದು ಭೇಟಿಯಲ್ಲಿ ಅದನ್ನೇ ಗೋಡೆಗೆ ಹಾಕಿ ಮಾತಾಡಿ ಎಂದೆ. ಹೆಬ್ಬೆರಳು ರಿಮೋಟಿನ ಮೇಲೆ, ಮುಖ ಪೂರ್ತಿ ಗೋಡೆ ಕಡೆ, ಬರೆದದ್ದನ್ನೇ ಓದುತ್ತಿದ್ದರು. ನಾನು ಕೀಬೋರ್ಡಿನ 'ಬಿ' ಒತ್ತಿದೆ. ಪವರ್‌ಪಾಯಿಂಟ್ ಪ್ರದರ್ಶನದ ನಡುವೆ ಅದನ್ನು ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಸ್ಲೈಡು ಮರಳುತ್ತದೆ. ಅವರು ವಾಕ್ಯದ ಮಧ್ಯೆ ನಿಂತುಬಿಟ್ಟರು. ಆಮೇಲೆ ಕೊಂಚ ಸಿಟ್ಟಿನಿಂದಲೇ ಹೇಳಿದರು: "ಅದು ಉರೀತಿದ್ರೆ ಎಲ್ಲರ ಕಣ್ಣೂ ಅಲ್ಲಿರುತ್ತೆ, ಮೇಡಂ. ನನ್ನನ್ನ ಯಾರೂ ನೋಡಲ್ಲ."

ಯಾರೂ ಕೇಳುವುದಿಲ್ಲ ಎಂದು ದೂರಿಕೊಂಡು ಬಂದವರು ಇವರೇ!

ಸ್ಲೈಡು ಮರಳಿಸಿ, ಯಂತ್ರಗಳು ನಿಂತ ಗಂಟೆಗಳ ಗ್ರಾಫೊಂದನ್ನು ಉಳಿಸಿ ಸುತ್ತಲಿನ ಸಾಲುಗಳನ್ನೆಲ್ಲ ಅಳಿಸಲು ಹೇಳಿದೆ. "ಈ ಗೆರೆ ಇಲ್ಲಿ ಯಾಕೆ ಏರಿದೆ?" ಎಂದು ಕೇಳಿದೆ. ಎದ್ದು ಹೋಗಿ ಗೆರೆಯ ಮೇಲೆ ಬೆರಳಿಟ್ಟರು. "ಇದಾ? ಬೇರಿಂಗ್ ಬರೋದು ತಡ ಆಯ್ತು. ಹಳೇದನ್ನೇ ಗ್ರೀಸ್ ಹಾಕಿ ಓಡಿಸಿದ್ವಿ, ಕೊನೆಗೆ ಶಾಫ್ಟೇ ಹೋಯ್ತು." ಹೇಳುತ್ತ ಹೇಳುತ್ತ ನನ್ನ ಕಡೆ ತಿರುಗಿದ್ದರು. ದನಿ ನಡುಗಲಿಲ್ಲ.

ಆಸರೆ ಕಿತ್ತುಕೊಳ್ಳುವುದು ಕ್ರೌರ್ಯವಲ್ಲವೇ ಎಂದು ಈ ಕ್ಷೇತ್ರದವರೇ ಕೆಲವರು ನನ್ನನ್ನು ಕೇಳಿದ್ದಾರೆ. ನಾನು ಸ್ಲೈಡು ಬಿಡಿಸುವುದಿಲ್ಲ, ಅದರ ಕೆಲಸ ಬದಲಿಸುತ್ತೇನೆ. ಜನರೆದುರಿನ ಭಯದ ಬಗ್ಗೆ ಮನೋವಿಜ್ಞಾನಿಗಳಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಮುಂದಿಟ್ಟ ವಿವರಣೆಯಲ್ಲಿ ಇದಕ್ಕೆ ಕಾರಣ ಸಿಗುತ್ತದೆ: ಭಯದಿಂದ ಪಾರಾಗಲು ಹಿಡಿದುಕೊಂಡ ಉಪಾಯವೇ ಭಯವನ್ನು ಸಾಕುತ್ತದೆ. ಮಾತು ಹೇಗೋ ಮುಗಿದರೆ 'ಸ್ಲೈಡು ಕಾಪಾಡಿತು' ಅನ್ನಿಸುತ್ತದೆಯೇ ಹೊರತು 'ನನಗೆ ಬರುತ್ತದೆ' ಎಂದಲ್ಲ. ಕೇಳುವವರ ಪಾಡೂ ಕಷ್ಟವೇ. ಪರದೆಯ ಸಾಲನ್ನು ತಮ್ಮ ವೇಗದಲ್ಲಿ ಓದುತ್ತ, ಅದೇ ಸಾಲನ್ನು ಇನ್ನೊಬ್ಬರ ವೇಗದಲ್ಲಿ ಕೇಳಬೇಕು, ಎರಡೂ ಅರೆಬರೆ.

ಹೀಗಾಗಿ ಕೊಟ್ಟ ಸಲಹೆ: ನೀವು ವಿವರಿಸದೆ ಪೂರ್ತಿ ಅರ್ಥವಾಗದ ಚಿತ್ರವನ್ನೇ ಪರದೆಗೆ ಹಾಕಿ. ಸಾಲುಗಳು ನಿಮಗೆ ಮಾತ್ರ ಕಾಣುವ ಟಿಪ್ಪಣಿಯಲ್ಲಿರಲಿ. ಚಿತ್ರ ಬಂದ ಮೇಲೆ ಒಂದೆರಡು ಕ್ಷಣ ಸುಮ್ಮನಿದ್ದು, ಜನ ನೋಡಿದ ಮೇಲೆ, ಅವರ ಕಡೆ ತಿರುಗಿ ಮಾತು ಶುರುಮಾಡಿ. ಚಿತ್ರಕ್ಕೆ ಸಂಬಂಧವಿಲ್ಲದ ಮಾತು ಬಂದಾಗ 'ಬಿ' ಒತ್ತಿ. ಮೊದಲು ಅರ್ಧ ನಿಮಿಷ ಸಾಕು, ಅದು ಅಭ್ಯಾಸವಾದ ಮೇಲೆ ಹೆಚ್ಚಿಸಿ. ಬಣ್ಣ, ಅನಿಮೇಷನ್ ಬಗ್ಗೆಯೂ ಕೇಳಿದರು. ಕೊನೆಯ ಸಾಲಿನಲ್ಲಿ ಕೂತವರಿಗೆ ಅಂಕಿ ಕಾಣಬೇಕು, ಅಷ್ಟೇ ಎಂದೆ.

ಈಗ ಅವರ ಸ್ಲೈಡು ಹನ್ನೊಂದಕ್ಕೆ ಇಳಿದಿವೆ. ಮೊದಲ ನಿಮಿಷದ ನಡುಕ ಹೋಗಿಲ್ಲ, ಆದರೆ ಅದರ ಲೆಕ್ಕ ಇಡುವುದನ್ನು ಬಿಟ್ಟಿದ್ದಾರೆ. ಹೊಸ ತಕರಾರು ಮೇಲಧಿಕಾರಿಯದು: ಮೇಲ್ ಮಾಡಿದ ಸ್ಲೈಡು ನೀವಿಲ್ಲದೆ ಅರ್ಥವಾಗುವುದಿಲ್ಲ. ಸಾಲುಗಳನ್ನು ಮತ್ತೆ ತುಂಬಲೇ ಎಂದು ಕೇಳಿದರು. ಬೇಡ, ಎರಡು ಪುಟದ ವರದಿ ಬೇರೆ ಬರೆದು ಕಳಿಸಿ ಎಂದೆ. 2003ರ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ದುರಂತದ ತನಿಖಾ ಮಂಡಳಿ ಕೂಡ ತಾಂತ್ರಿಕ ವರದಿಯ ಜಾಗದಲ್ಲಿ ಪವರ್‌ಪಾಯಿಂಟ್ ಸ್ಲೈಡು ಬಳಸುವ ನಾಸಾದ ರೂಢಿಯನ್ನು ಆಕ್ಷೇಪಿಸಿತ್ತು. ಬೇಕಾದರೆ ಅದನ್ನೂ ಹೇಳಿ ಎಂದೆ. ವರದಿ ಹೋಗಿದೆ. ಮೇಲಧಿಕಾರಿ ಇನ್ನೂ ಒಪ್ಪಿಲ್ಲ.